ಹಗುರವೆಂಬ ಭ್ರಮೆ: ಸಣ್ಣ ಕಾರು ಮತ್ತು ಎಳೆಯುವ ಟ್ರೇಲರು

ಬೇಸಗೆಯ ರಜೆ ಬಂತೆಂದರೆ ಬ್ರಿಟನ್ನಿನ ಹೆದ್ದಾರಿಗಳಲ್ಲಿ, ಸಣ್ಣ ಕಾರೊಂದು ತನಗಿಂತ ಎತ್ತರವಾದ ಬಿಳಿಯ ಕ್ಯಾರವಾನನ್ನು ಬೆನ್ನಿಗೆ ಕಟ್ಟಿಕೊಂಡು ವೇಲ್ಸಿನ ಕಡಲತೀರಕ್ಕೋ ಸ್ಕಾಟ್ಲೆಂಡಿನ ಬೆಟ್ಟಗಳಿಗೋ ಸಾಗುವುದು ಸರ್ವಸಾಮಾನ್ಯವಾದ ದೃಶ್ಯ. ಈ ವಿಹಾರಕ್ರಮ ಯೂರೋಪಿಗೆ ಹೊಸತೇನಲ್ಲ. ಜರ್ಮನಿಯ ಇಸ್ನಿ ಎಂಬ ಊರಿನಲ್ಲಿ ಚಾವಟಿಗಳನ್ನೂ ಸ್ಕೀ ಕೋಲುಗಳನ್ನೂ ತಯಾರಿಸುತ್ತಿದ್ದ ಮನೆತನದ ಅರಿಸ್ಟ್ ಡೆಥ್ಲೆಫ್ಸ್ ಎಂಬಾತನು, ವ್ಯಾಪಾರಕ್ಕಾಗಿ ಊರೂರು ತಿರುಗುವಾಗ ಚಿತ್ರಕಲಾವಿದೆಯಾದ ತನ್ನ ಸಂಗಾತಿಯನ್ನು ಅಗಲಿರಲಾರದೆ, 1931ರಷ್ಟು ಹಿಂದೆಯೇ ಕಾರಿನ ಹಿಂದೆ ಎಳೆದೊಯ್ಯಬಹುದಾದ ಗಾಲಿಮನೆಯೊಂದನ್ನು ಕಟ್ಟಿದ್ದನು. ಆದರೆ ಗಾಡಿ ಹಗುರವಾದರೆ ಅಪಾಯವೂ ಹಗುರ ಎಂಬ ನಂಬಿಕೆ ಮಾತ್ರ ಈ ವಿಹಾರಪ್ರಿಯರಲ್ಲಿ ಇನ್ನೂ ಅಳಿದಿಲ್ಲ. ಬ್ರಿಟನ್ನಿನಲ್ಲಿ ನೆಲಸಿ ವಾರಾಂತ್ಯಕ್ಕೆ ಪುಟ್ಟ ಟ್ರೇಲರೊಂದನ್ನು ಬಾಡಿಗೆಗೆ ಹಿಡಿಯುವ ಕನ್ನಡಿಗರೂ ಇದಕ್ಕೆ ಹೊರತಾಗಬೇಕಾದ ಕಾರಣವಿಲ್ಲ.

ಲೈಸೆನ್ಸಿನಲ್ಲಿ ಅನುಮತಿಯಿದ್ದ ಮೇಲೆ ಕಾರಿಗೂ ಸಾಮರ್ಥ್ಯವಿದೆ ಎಂದು ಭಾವಿಸುವುದು ಮೊದಲನೆಯ ಭ್ರಾಂತಿ. ಇಂಗ್ಲೆಂಡು, ವೇಲ್ಸ್ ಮತ್ತು ಸ್ಕಾಟ್ಲೆಂಡುಗಳಲ್ಲಿ 2021ರ ಡಿಸೆಂಬರ್ 16ರಿಂದ, ಸಾಮಾನ್ಯ ಕಾರಿನ ಲೈಸೆನ್ಸುಳ್ಳವರು ಪ್ರತ್ಯೇಕ ಪರೀಕ್ಷೆಯಿಲ್ಲದೆಯೇ 3,500 ಕಿಲೋಗ್ರಾಮ್‌ವರೆಗಿನ ಟ್ರೇಲರನ್ನು ಎಳೆಯಬಹುದೆಂದಾಯಿತು. ಆದರೆ ಸರ್ಕಾರ ಚಾಲಕನಿಗಿತ್ತ ಸಲಿಗೆಯನ್ನು ಕಾರಿನ ಎಂಜಿನ್ನು, ಕ್ಲಚ್ಚು, ಬ್ರೇಕುಗಳು ಮನ್ನಿಸಬೇಕಲ್ಲ! ಕಾರು ಎಷ್ಟನ್ನು ಎಳೆಯಬಲ್ಲುದೆಂಬುದು ಅದರ ಕೈಪಿಡಿಯಲ್ಲಿಯೂ ಮೈಮೇಲಿನ ಲೋಹಫಲಕದಲ್ಲಿಯೂ ಇರುತ್ತದೆ. ಕೆಲವು ಸಣ್ಣ ಕಾರುಗಳಿಗೆ ಅದು ಸೊನ್ನೆಯೇ ಆಗಿರುವುದೂ ಉಂಟು.

ಟ್ರೇಲರಿನ ತೂಕ 750 ಕಿಲೋಗ್ರಾಮಿನೊಳಗಿದ್ದರೆ ಅದಕ್ಕೆ ಸ್ವಂತ ಬ್ರೇಕು ಬೇಡ, ಯಾವ ಕಾರು ಬೇಕಾದರೂ ಎಳೆದೀತು ಎಂಬುದು ನಿಯಮದ ಪೂರ್ವಾರ್ಧವನ್ನಷ್ಟೇ ಓದಿದವರ ಮಾತು. ಬ್ರೇಕಿಲ್ಲದ ಟ್ರೇಲರು 750 ಕಿಲೋಗ್ರಾಮು, ಇಲ್ಲವೆ ಎಳೆಯುವ ಕಾರಿನ ತೂಕದ ಅರ್ಧ, ಇವೆರಡರಲ್ಲಿ ಯಾವುದು ಕಡಮೆಯೋ ಅದನ್ನು ಮೀರಕೂಡದು. ಎಂದರೆ 1,100 ಕಿಲೋ ತೂಗುವ ಕಾರಿಗೆ ಈ ಮಿತಿ 550ಕ್ಕೇ ಮುಗಿಯಿತು. ಬ್ರೇಕುಳ್ಳ ಟ್ರೇಲರಾದರೂ ಹೊಸಬರು ಕಾರಿನ ತೂಕದ ಶೇಕಡಾ 85ನ್ನು ದಾಟದಿರುವುದು ಲೇಸೆಂದು ಅಲ್ಲಿಯ ಕ್ಯಾರವಾನ್ ಸಂಘಗಳು ಹೇಳುತ್ತ ಬಂದಿವೆ. ಇದು ಕಾನೂನಲ್ಲ, ಬಲ್ಲವರ ಬುದ್ಧಿವಾದ. ಇನ್ನು ಮಾರುವವರು ಅಚ್ಚುಹಾಕಿ ಹಂಚುವ ತೂಕವಾದರೋ ಬಹುಮಟ್ಟಿಗೆ ಬರಿದಾದ ಗಾಡಿಯದು. ಗ್ಯಾಸ್ ಸಿಲಿಂಡರು, ಬಾಗಿಲ ಮುಂದೆ ಕಟ್ಟುವ ಡೇರೆ, ಪಾತ್ರೆಪಡಗ, ಹೊದಿಕೆಗಳು ಒಂದೊಂದಾಗಿ ಏರಿದಂತೆ ಆ ಅಂಕಿ ಅರ್ಥಹೀನವಾಗುತ್ತದೆ. 40 ಲೀಟರು ನೀರು ತುಂಬಿದರೆ ಅದೊಂದೇ 40 ಕಿಲೋ.

ಆದರೂ ಒಟ್ಟು ತೂಕಕ್ಕಿಂತ ಗಹನವಾದುದು ಆ ತೂಕ ಎಲ್ಲಿ ಕುಳಿತಿದೆಯೆಂಬ ಪ್ರಶ್ನೆ. ಕಾರಿನ ಹಿಂಭಾಗಕ್ಕೆ ಹೊರೆಯಾಗದಿರಲೆಂದು ಸಾಮಾನನ್ನೆಲ್ಲ ಟ್ರೇಲರಿನ ಹಿಂತುದಿಗೆ ಹೇರುವವರಿದ್ದಾರೆ. ಸದುದ್ದೇಶದಿಂದ ಮಾಡುವ ಇದಕ್ಕಿಂತ ಕೆಟ್ಟ ಕೆಲಸ ಬೇರೊಂದಿಲ್ಲ. ಎತ್ತಿನ ಗಾಡಿಗೆ ಹೊರೆ ಹೇರುವ ನಮ್ಮ ರೈತನಿಗೆ ಈ ತತ್ತ್ವವನ್ನು ಯಾರೂ ಬೋಧಿಸಬೇಕಾಗಿಲ್ಲ: ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತುಗಳ ಕೊರಳ ಹಗ್ಗ ಬಿಗಿಯುತ್ತದೆ, ಮುಂಭಾರವಾದರೆ ಅವುಗಳ ಹೆಗಲು ಕುಸಿಯುತ್ತದೆ. ಟ್ರೇಲರಿನ ಮೂತಿಯೂ ಕಾರಿನ ಕೊಂಡಿಯ ಗುಂಡಿನ ಮೇಲೆ ಮಿತವಾಗಿ ಭಾರ ಊರಬೇಕು. ಬ್ರಿಟನ್ನಿನಲ್ಲಿ ಇದನ್ನು ಟ್ರೇಲರಿನ ತುಂಬುತೂಕದ ಶೇಕಡಾ 5ರಿಂದ 7ರಷ್ಟು ಎನ್ನುತ್ತಾರೆ. ಅಮೆರಿಕದಲ್ಲಿ ಶೇಕಡಾ 10ರಿಂದ 15. 700 ಕಿಲೋಗ್ರಾಮಿನ ಟ್ರೇಲರಿಗೆ ಬ್ರಿಟಿಷ್ ಲೆಕ್ಕದಲ್ಲಿ 35ರಿಂದ 49 ಕಿಲೋ ಆಯಿತು. ಕಾರಿನ ಕೊಂಡಿಗೆ ವಿಧಿಸಿರುವ ಮಿತಿಯನ್ನು ಇದು ಮೀರಬಾರದು. ಇದನ್ನು ಅಳೆಯಲು ದೊಡ್ಡ ಯಂತ್ರವೇನೂ ಬೇಡ. ಸಮನೆಲದಲ್ಲಿ ಟ್ರೇಲರನ್ನು ನಿಲ್ಲಿಸಿ, ಗಾಲಿಗಳಿಗೆ ಅಡ್ಡ ಕೊಟ್ಟು, ಮನೆಯಲ್ಲಿ ಮೈತೂಕ ನೋಡುವ ತಕ್ಕಡಿಯನ್ನು ಮೂತಿಯ ಕೆಳಗಿರಿಸಿ, ಕೊಂಡಿಯ ಎತ್ತರಕ್ಕೆ ಸರಿಯಾಗಿ ಕೊಯ್ದ ಮರದ ತುಂಡೊಂದನ್ನು ಅದರ ಮೇಲೆ ನಿಲ್ಲಿಸಿ, ಮುಂದಿನ ಪುಟ್ಟ ಗಾಲಿಯನ್ನು ಮೆಲ್ಲನೆ ಮೇಲಕ್ಕೆ ತಿರುಗಿಸಿದರೆ ಮುಳ್ಳು ಉತ್ತರ ಹೇಳುತ್ತದೆ. ನೀರಿನ ಡಬ್ಬವೊಂದನ್ನು ಗೇಣುದ್ದ ಹಿಂದೆ ಸರಿಸಿದರೂ ಆ ಮುಳ್ಳು ಇಳಿಯುವುದನ್ನು ಕಣ್ಣಾರೆ ಕಂಡವನು ಅಚ್ಚಿನ ಮೇಲೆಯೇ, ತಗ್ಗಿನಲ್ಲಿಯೇ ಭಾರವಿಡಲು ಕಲಿಯುತ್ತಾನೆ.

ಈ ಸಮತೋಲ ತಪ್ಪಿದುದರ ಫಲ ಊರೊಳಗಿನ ನಿಧಾನಗತಿಯಲ್ಲಿ ತಿಳಿಯುವುದಿಲ್ಲ. ಗಾಳಿಯೋ, ಪಕ್ಕದಲ್ಲಿ ಹಾದುಹೋದ ಲಾರಿಯೋ ಟ್ರೇಲರನ್ನು ಒಮ್ಮೆ ಅತ್ತ ತಳ್ಳಿತೆನ್ನಿ. ಒಂದು ನಿರ್ದಿಷ್ಟ ವೇಗದ ಕೆಳಗೆ ಆ ತೂಗಾಟ ತಾನಾಗಿ ಅಡಗುತ್ತದೆ, ಆ ವೇಗದ ಮೇಲೆ ಪ್ರತಿ ತೂಗೂ ಹಿಂದಿನದಕ್ಕಿಂತ ದೊಡ್ಡದಾಗುತ್ತ ಕಡೆಗೆ ಕಾರನ್ನೇ ಅಲ್ಲಾಡಿಸತೊಡಗುತ್ತದೆ. ಹಿಂಭಾರವು, ಮತ್ತು ಎರಡೂ ತುದಿಗಳಿಗೆ ಹಂಚಿದ ಭಾರವು, ಈ ವೇಗದ ಎಲ್ಲೆಯನ್ನು ಕೆಳಗಿಳಿಸುತ್ತವೆ. ತೂಗಾಟ ಹತ್ತಿದಾಗ ವೇಗ ಹೆಚ್ಚಿಸಿದರೆ ಟ್ರೇಲರು ನೆಟ್ಟಗಾಗುತ್ತದೆಂದು ಕೆಲವರು ಉಪದೇಶಿಸುವುದುಂಟು. ಇದು ಅಪಾಯಕಾರಿಯಾದ ಮಾತು. ತೂಗಾಟವನ್ನು ಪೋಷಿಸುತ್ತಿರುವುದೇ ಆ ವೇಗ. ಕಾಲನ್ನು ಆಕ್ಸಿಲರೇಟರಿನಿಂದ ತೆಗೆದು, ಸ್ಟೀರಿಂಗನ್ನು ನೇರವಾಗಿ ಹಿಡಿದು, ಎಡಬಲ ತಿರುಗಿಸಿ ಸರಿಪಡಿಸುವ ಆಸೆಯನ್ನೂ ಬ್ರೇಕನ್ನು ಬಲವಾಗಿ ಒತ್ತುವ ಆತುರವನ್ನೂ ತಡೆದುಕೊಂಡು ವೇಗ ಇಳಿಯಗೊಡುವುದೇ ಉಪಾಯ. ಟ್ರೇಲರುಳ್ಳ ಕಾರು ಬ್ರಿಟನ್ನಿನ ನಡುವಿಭಜಕವಿಲ್ಲದ ರಸ್ತೆಗಳಲ್ಲಿ ಗಂಟೆಗೆ 50 ಮೈಲಿಯನ್ನೂ, ಮೋಟಾರುಮಾರ್ಗದಲ್ಲಿ 60 ಮೈಲಿಯನ್ನೂ ಮೀರಬಾರದೆಂಬ ನಿಯಮ ಬರಿಯ ಅಧಿಕಾರಿಗಳ ಹಟವಲ್ಲ.

ಒಂದೇ ಕಾರಿಗೆ ಯೂರೋಪಿನಲ್ಲಿ ಸಾವಿರಕ್ಕೂ ಮಿಕ್ಕಿ ಕಿಲೋ ಎಳೆಯಲು ಒಪ್ಪಿಗೆಯಿದ್ದು, ಅಮೆರಿಕದಲ್ಲಿ ಎಳೆಯಲೇಬೇಡಿರೆಂದು ಹೇಳಿರುವುದನ್ನು ಕಂಡು, ಎರಡರಲ್ಲೊಂದು ಸುಳ್ಳಿರಬೇಕೆಂದು ವಾದಿಸುವವರಿದ್ದಾರೆ. ಸುಳ್ಳೇನೂ ಇಲ್ಲ. ಶೇಕಡಾ 12ರ ಏರಿನಲ್ಲಿ ಐದು ನಿಮಿಷದೊಳಗೆ ಐದು ಬಾರಿ ನಿಂತು ಹೊರಡಬಲ್ಲುದೇ ಎಂಬುದು ಯೂರೋಪಿನ ಒರೆಗಲ್ಲು. ಅಲ್ಲಿ ಟ್ರೇಲರಿನ ವೇಗ ಕಡಮೆ, ಮೂತಿಯ ಭಾರ ಕಡಮೆ. ಅಮೆರಿಕದ ರೂಢಿ ಎರಡರಲ್ಲಿಯೂ ಬೇರೆ. ಒಂದು ದೇಶದ ಅಂಕಿಯನ್ನು ಇನ್ನೊಂದು ದೇಶದ ಅಭ್ಯಾಸಕ್ಕೆ ಅಂಟಿಸುವುದು ಮಾತ್ರ ತಪ್ಪು.

ಗಿಡ್ಡ ಟ್ರೇಲರನ್ನು ಹಿಂದಕ್ಕೆ ನಡೆಸುವುದು ಸುಲಭವೆಂಬುದೂ ಪೊಳ್ಳು ನಂಬಿಕೆಯೇ; ಅದು ಉದ್ದದ್ದಕ್ಕಿಂತ ಚುರುಕಾಗಿ ಮಡಿಚಿಕೊಳ್ಳುತ್ತದೆ. ಟೈರಿನ ಮೇಲ್ಮೈಯ ಗೀರುಗಳು ಅಳಿಯದಿದ್ದರೆ ಸಾಕೆಂಬುದೂ ಹಾಗೆಯೇ: ವರ್ಷದಲ್ಲಿ ಬಹುಕಾಲ ನಿಂತಲ್ಲೇ ನಿಂತಿರುವ ಗಾಡಿಯ ಟೈರು ಸವೆಯುವ ಮುನ್ನವೇ ಮುದಿಯಾಗಿ ಪಕ್ಕಗಳಲ್ಲಿ ಬಿರಿಯುತ್ತದೆ. ಬ್ರೇಕುಳ್ಳ ಟ್ರೇಲರು ಕೊಂಡಿ ಕಳಚಿದಾಗ, ಕಾರಿಗೆ ಸಿಕ್ಕಿಸಿದ ತೆಳುವಾದ ಕೇಬಲೊಂದು ಅದರ ಬ್ರೇಕನ್ನು ಎಳೆದುಬಿಟ್ಟು ತಾನು ತುಂಡಾಗುತ್ತದೆ. ಅದನ್ನು ಕೊಂಡಿಯ ಗುಂಡಿಗೆ ಸಡಿಲವಾಗಿ ಸುತ್ತದೆ, ಅದಕ್ಕೆಂದೇ ಇರುವ ಬಳೆಗೆ ಸಿಕ್ಕಿಸಬೇಕು. ತಿರುವಿನಲ್ಲಿ ಬಿಗಿಯದಷ್ಟು ಉದ್ದವಿರಬೇಕು, ನೆಲಕ್ಕೆ ಉಜ್ಜದಷ್ಟು ಗಿಡ್ಡವಿರಬೇಕು.