ನಿಮಗಿದು ಗೊತ್ತೆ? ರೈಲು ಓಡಿಸುವ ಮೊದಲು ಮನಸ್ಸಿಗೂ ಪರೀಕ್ಷೆ

ಕೆಂಗೇರಿ ಸ್ಟೇಷನ್ನಿನಲ್ಲಿ ಮೈಸೂರು ರೈಲು ಹತ್ತುವಾಗ ಎಂಜಿನ್ನಿನ ಕಿಟಕಿಯತ್ತ ಒಮ್ಮೆ ನೋಡಿ. ಈಗ ಆ ಸೀಟಿಗೆ ಹೋಗಲು ಲಿಖಿತ ಪರೀಕ್ಷೆ ಪಾಸಾದರಷ್ಟೇ ಸಾಲದು. ಸಹಾಯಕ ಲೋಕೋ ಪೈಲಟ್ ಆಗಬಯಸುವವರಿಗೆ ಕಂಪ್ಯೂಟರ್ ಮುಂದೆ ಐದು ಮನೋಪರೀಕ್ಷೆಗಳಿವೆ: ನೆನಪು, ಸೂಚನೆ ಪಾಲನೆ, ಆಳದ ಅಂದಾಜು, ಏಕಾಗ್ರತೆ, ಗ್ರಹಿಕೆಯ ಚುರುಕು. ಐದರಲ್ಲೂ ಕನಿಷ್ಠ 42 ‘ಟಿ-ಸ್ಕೋರ್’ ಬೇಕು. ಒಂದರಲ್ಲಿ ಎಡವಿದರೂ ಕೆಲಸ ಕೈತಪ್ಪಿತು. ಯಾವ ವರ್ಗಕ್ಕೂ ಇದರಲ್ಲಿ ರಿಯಾಯಿತಿಯಿಲ್ಲ. ಈ 42 ನೂರಕ್ಕೆ ಬಂದ ಅಂಕವಲ್ಲ. ಸರಾಸರಿಯನ್ನು 50 ಎಂದಿಟ್ಟುಕೊಂಡು, ಉಳಿದವರೊಂದಿಗೆ ಹೋಲಿಸಿ ಹಾಕುವ ಲೆಕ್ಕ.

ಮನಸ್ಸನ್ನು ಅಳೆಯುವ ಇಂಥ ಪರೀಕ್ಷೆಗಳು ನಮಗೆ ಹೊಸವೇನಲ್ಲ. ಇದೇ ಹಳಿ ಹಿಡಿದು ಹೋದರೆ ಸಿಗುವ ಮೈಸೂರಿನಲ್ಲಿ 1924ರಲ್ಲೇ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗ ಕಟ್ಟಿದವರು ಪ್ರೊ. ಎಂ.ವಿ. ಗೋಪಾಲಸ್ವಾಮಿ. ಬುದ್ಧಿಮತ್ತೆಯ ಅಳತೆಗೆ ಹೆಸರಾದ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಲಂಡನ್ನಿನಲ್ಲಿ ಕಲಿತು ಬಂದವರು. ಪಶ್ಚಿಮದ ಬುದ್ಧಿಪರೀಕ್ಷೆಗಳನ್ನು ನಮ್ಮವರಿಗೆ ಒಗ್ಗಿಸಿದವರು. ಹೆಸರು ಎಲ್ಲೋ ಕೇಳಿದಂತಿದೆಯೆ? ಹೌದು, 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಆರಂಭಿಸಿದವರೂ ಇವರೇ. ಆ ಕೇಂದ್ರದ ಹೆಸರು ‘ಆಕಾಶವಾಣಿ’.