ಸಾ ತೌ ಕೊಕ್: ನಡುಬೀದಿಯ ಗಡಿಕಲ್ಲು

ಬೀದಿಯ ಉದ್ದ ಸುಮಾರು 250 ಮೀಟರ್. ಅಗಲವಂತೂ ಮೂರ್ನಾಲ್ಕು ಮೀಟರ್ ಅಷ್ಟೇ. ಎದುರುಬದುರು ಅಂಗಡಿಯವರು ದನಿ ಏರಿಸದೆ ಮಾತಾಡಿಕೊಳ್ಳಬಹುದು. ನಡುವೆ ಅಲ್ಲಲ್ಲಿ ಒಂದೊಂದು ಗಿಡ್ಡ ಕಲ್ಲು. ಕಲ್ಲಿನ ಆಚೆಗಿನ ಸಾಲು ಚೀನಾದ ಶೆನ್‌ಜೆನ್ನಿನದು, ಈಚೆಗಿನದು ಹಾಂಗ್‌ಕಾಂಗ್‌ನದು. ಬೀದಿಯ ಹೆಸರು ಚುಂಗ್ ಯಿಂಗ್, ಅಂದರೆ ಚೀನಾ–ಇಂಗ್ಲೆಂಡ್ ಬೀದಿ. ಊರು ಸಾ ತೌ ಕೊಕ್.

ಕ್ಯಾಂಟನೀಸ್‌ನಲ್ಲಿ ‘ಸಾ’ ಎಂದರೆ ಮರಳು, ‘ತೌ’ ತಲೆ, ‘ಕೊಕ್’ ಮೂಲೆ. ಕಡಲ ಹಿನ್ನೀರಿನ ದಂಡೆಗೆ ಒಪ್ಪುವ ಹೆಸರು. ಕೊನೆಯ ‘ಕ್’ ಬಾಯಿಂದ ಆಚೆ ಬರುವುದಿಲ್ಲ, ಗಂಟಲಲ್ಲೇ ತಡೆದು ನಿಲ್ಲುತ್ತದೆ. ಇಲ್ಲಿನ ಹಳೆಯ ಮನೆತನಗಳ ಹಕ್ಕಾ ನುಡಿಯಲ್ಲೂ ಆ ‘ಕ್’ ಉಳಿದಿದೆ. ಮ್ಯಾಂಡರಿನ್‌ನಲ್ಲಿ ಅದು ಉದುರಿ, ಊರು ‘ಶಾ ತೋ ಜ್ಯಾವ್’ ಆಗುತ್ತದೆ. ಬರೆದಾಗಲೂ ಒಂದು ವ್ಯತ್ಯಾಸವಿದೆ. ಮೊದಲ ಮತ್ತು ಕೊನೆಯ ಅಕ್ಷರ ಎರಡೂ ಕಡೆ ಒಂದೇ. ನಡುವಿನ ‘ತಲೆ’ ಮಾತ್ರ ಹಾಂಗ್‌ಕಾಂಗ್‌ನ ಫಲಕದಲ್ಲಿ ಹದಿನಾರು ಗೀಟುಗಳ ಹಳೆಯ ರೂಪ, ಶೆನ್‌ಜೆನ್ನಿನ ಫಲಕದಲ್ಲಿ ಐದೇ ಗೀಟುಗಳ ಸರಳ ರೂಪ. ಬೀದಿಯ ನಡುವೆ ಕಲ್ಲು ನಿಂತಂತೆ ಹೆಸರಿನ ನಡುವೆ ಈ ಅಕ್ಷರ ನಿಂತಿದೆ ಅನಿಸುತ್ತದೆ ನನಗೆ.

ಕಲ್ಲಿನ ಹತ್ತಿರ ಕೂತು ನೋಡಿದರೆ ಒಂದು ಮೈಯಲ್ಲಿ ಇಂಗ್ಲಿಷ್, ಇನ್ನೊಂದರಲ್ಲಿ ಚೀನೀ. ಇಂಗ್ಲಿಷಿನಲ್ಲಿ 1898 ಎಂಬ ಇಸವಿ, ಚೀನೀ ಬರಹದಲ್ಲಿ ಅದೇ ವರ್ಷ ಗುವಾಂಗ್‌ಶು ಚಕ್ರವರ್ತಿಯ ಆಳ್ವಿಕೆಯ 24ನೆಯದು. ಆ ವರ್ಷ ಬ್ರಿಟಿಷರು ನ್ಯೂ ಟೆರಿಟರೀಸ್ ಪ್ರದೇಶವನ್ನು 99 ವರ್ಷಗಳ ಗುತ್ತಿಗೆಗೆ ಪಡೆದರು. ಮರುವರ್ಷದ ಮಾರ್ಚ್‌ನಲ್ಲಿ ಸ್ಟುವರ್ಟ್ ಲಾಕ್‌ಹಾರ್ಟ್ ಮತ್ತು ವಾಂಗ್ ತ್ಸುನ್‌ಶಾನ್ ಎಂಬ ಇಬ್ಬರು ಅಧಿಕಾರಿಗಳು ಗಡಿ ಗುರುತಿಸಿದರು. ಇಲ್ಲಿ ಅವರಿಗೆ ಸಿಕ್ಕ ಗೆರೆ ಒಂದು ಬತ್ತಿದ ಹಳ್ಳ. ಹಳ್ಳದ ಎರಡು ದಡದಲ್ಲಿ ಅಂಗಡಿಗಳೆದ್ದವು, ಹಳ್ಳವೇ ಬೀದಿಯಾಯಿತು. ಮಳೆನೀರು ಹರಿದ ಜಾಡಿನಲ್ಲಿ ಎರಡು ಸರ್ಕಾರಗಳು ಬಂದು ನಿಂತವು.

ಆಮೇಲಿನ ಕಾಲ ಕಠಿಣ. 1951ರಲ್ಲಿ ಹಾಂಗ್‌ಕಾಂಗ್ ಈ ಅಂಚನ್ನು ನಿರ್ಬಂಧಿತ ಪ್ರದೇಶವೆಂದು ಸಾರಿತು. 1967ರ ಜುಲೈ 8ರಂದು ಇಲ್ಲಿ ಹಾರಿದ ಗುಂಡಿಗೆ ಹಾಂಗ್‌ಕಾಂಗ್‌ನ ಐವರು ಪೊಲೀಸರು ಬಲಿಯಾದರು. ಅವರಲ್ಲಿ ಇಬ್ಬರು ಪಾಕಿಸ್ತಾನ ಮೂಲದವರು. ಎಷ್ಟು ದೂರದ ತಾಯಂದಿರು ಈ ಮೂಲೆಯ ಹೆಸರು ಕೇಳಿ ಅತ್ತಿರಬೇಕು!

ಎಂಬತ್ತರ ದಶಕದಲ್ಲಿ ಅದೇ ಬೀದಿಗೆ ಜನ ಮುಗಿಬಿದ್ದರು. ಚೀನಾದ ಒಳನಾಡಿನವರು ಪರವಾನಗಿ ಹಿಡಿದು ಬಂದು ಹಾಂಗ್‌ಕಾಂಗ್ ಸಾಲಿನಲ್ಲಿ ಬಂಗಾರದುಂಗುರ, ಬಟ್ಟೆ, ಸೋಪು ಕೊಂಡರು. ಪರದೇಶದ ಸಾಮಾನಿಗೆ ನಾಲ್ಕೇ ಹೆಜ್ಜೆ!

ಈಗ ಆ ನೂಕುನುಗ್ಗಲಿಲ್ಲ. 2022ರಿಂದ ಹಾಂಗ್‌ಕಾಂಗ್ ಕಡೆಯ ಊರಿಗೆ ಪ್ರವಾಸಿ ತಂಡಗಳನ್ನು ಬಿಡುತ್ತಿದ್ದಾರೆ. ಅವರು ಉದ್ದನೆಯ ದೋಣಿಕಟ್ಟೆಯ ಮೇಲೆ ನಡೆದು ಗಾಳಿ ಕುಡಿಯುತ್ತಾರೆ. ಆದರೆ ಆ ಕಡೆಯಿಂದ ಚುಂಗ್ ಯಿಂಗ್ ಬೀದಿಗೆ ಅವರಿಗೆ ಪ್ರವೇಶವಿಲ್ಲ.

ಶೆನ್‌ಜೆನ್ ಬದಿಯ ಸಾ ಲಾನ್ ಹಾ ಹಳ್ಳಿಯ ಹಕ್ಕಾ ಜನರು ಮೀನುದೀಪದ ಕುಣಿತವನ್ನು ಬಿಟ್ಟಿಲ್ಲ. ಬಿದಿರಿನ ಚೌಕಟ್ಟಿಗೆ ಮೀನಿನ ಮೈ ಹೊದಿಸಿ, ಒಳಗೆ ದೀಪವಿಟ್ಟು, ಕತ್ತಲಲ್ಲಿ ಮಂಡಿ ಬಗ್ಗಿಸಿ ಕುಣಿಯುತ್ತಾರೆ. ಕುಣಿಯುವವರು ಕಾಣುವುದಿಲ್ಲ, ಮೀನುಗಳಷ್ಟೇ ಕಾಣುತ್ತವೆ. ಕಡಲು ಕಾಯುವ ತಿನ್ ಹೌ ದೇವಿಗೆ ಅದು ಸೇವೆ. ತಮಟೆಯ ಸದ್ದು ಕಲ್ಲು ದಾಟಿ ಈಚೆಯ ಮನೆಗಳಿಗೂ ಕೇಳಿಸುತ್ತದೆ.