ಗಡಿಯಾಚೆಯ ಎರಡು ದಿನಗಳು

ಶನಿವಾರ ಭಾನುವಾರಗಳಲ್ಲಿ ಪರದೇಶವೊಂದನ್ನು ನೋಡಿ ಬರುವುದೆಂದರೆ ನಮ್ಮಂಥವರಿಗೆ ಕನಸೇ ಸರಿ. ಉತ್ತರ ಬಂಗಾಳದ ವಿದ್ಯಾರ್ಥಿಮಿತ್ರರಿಗಾದರೋ ಅದು ಬರಿಯ ಬಸ್ ಪ್ರಯಾಣ. ಚಹಾ ತೋಟಗಳ ನಡುವೆ ಸಾಗಿ ಜಯಗಾಂವವನ್ನು ಮುಟ್ಟಿದರೆ ಮಗ್ಗುಲಲ್ಲೇ ಭೂತಾನದ ಫುಂಟ್‌ಶೋಲಿಂಗ್. ಈಚೆ ಸಂತೆಯ ಗದ್ದಲ. ಆಚೆ ಹಾರನ್ನಿನ ಸದ್ದೂ ಅಪರೂಪ. ಕೈಗಡಿಯಾರವನ್ನು ಅರ್ಧ ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳಬೇಕು.

ಭಾರತೀಯರಿಗೆ ವೀಸಾ ಬೇಕಿಲ್ಲ. ಪಾಸ್‌ಪೋರ್ಟ್ ಇಲ್ಲವೆ ಮತದಾರರ ಗುರುತಿನ ಚೀಟಿ ಸಾಕು. ಆಧಾರ್ ಮಾತ್ರ ನಡೆಯದು. ಹದಿನೆಂಟು ತುಂಬಿಯೂ ಮತದಾರರ ಪಟ್ಟಿಗೆ ಹೆಸರು ಬರೆಸದ ಸೋಮಾರಿ ಗೆಳೆಯನು ಈಚೆಯೇ ಉಳಿಯಬೇಕಾದೀತು! ಅಲ್ಲಿಯ ನಾಣ್ಯವಾದ ನ್ಗುಲ್ಟ್ರಮ್ ನಮ್ಮ ರೂಪಾಯಿಗೆ ಸಮ.

ತೊಡಕಿರುವುದು ಖರ್ಚಿನಲ್ಲಿ. 2022ರಿಂದ ಭಾರತೀಯ ಪ್ರವಾಸಿಯೂ ರಾತ್ರಿಯೊಂದಕ್ಕೆ 1200 ನ್ಗುಲ್ಟ್ರಮ್ ಶುಲ್ಕ ತೆರಬೇಕು. ಗಡಿಪಟ್ಟಣದಿಂದ 24 ಗಂಟೆಯೊಳಗೆ ಹಿಂತಿರುಗುವವರಿಗೆ ವಿನಾಯಿತಿಯುಂಟು. ಜನಜಂಗುಳಿಯಿಂದ ಬೆಟ್ಟಗಾಡು ಹಾಳಾಗಬಾರದೆಂಬ ಅವರ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಎರಡು ರಾತ್ರಿಗೆ ತಲೆಗೆ 2400 ಎಂದರೆ ಕೂಲಿಕಾರರ ಮಕ್ಕಳು ಪಾರೋ ಕಣಿವೆಯನ್ನು ಕಾಣುವುದೆಂತು? 1958ರಲ್ಲಿ ನೆಹರೂ ಅವರು ಪಾರೋಗೆ ಹೋದಾಗ ಮೋಟಾರು ರಸ್ತೆಯೇ ಇರಲಿಲ್ಲ. ನಾಥು ಲಾ ದಾಟಿ ಕುದುರೆ, ಯಾಕ್‌ಗಳ ಮೇಲೆ ಸಾಗಿದರು. ಥಿಂಫುವಿನ ರಸ್ತೆಯಾದುದು ಆಮೇಲೆ, ಭಾರತದ ನೆರವಿನಿಂದ. ರಸ್ತೆಯಾಯಿತು, ದಾರಿ ದುಬಾರಿಯಾಯಿತು.

ಹೀಗಾಗಿ ಕೈ ಬಿಗಿಯಿರುವ ತಂಡಗಳು ಝಾಂಗ್‌ತೋ ಪೆಲ್ರಿ ದೇಗುಲವನ್ನೂ ಮೊಸಳೆ ಸಾಕಣೆ ಕೇಂದ್ರವನ್ನೂ ನೋಡಿ ಸಂಜೆಗೆ ಜಯಗಾಂವಕ್ಕೆ ಮರಳುವುದೇ ಲೇಸು.